ಓಟಿಪಿ ಹೇಳಬೇಡಿ, ಜೆರಾಕ್ಸ್ ಕೊಡಿ!

ದಿನ ಬೆಳಗಾದರೆ ಬ್ಯಾಂಕಿನಿಂದ ಒಂದೇ ಉಪದೇಶ: ಓಟಿಪಿ ಯಾರಿಗೂ ಹೇಳಬೇಡಿ. ಸರಿ ಸ್ವಾಮಿ, ಹೇಳಲ್ಲ. ಆದರೆ ಪಿಜಿ ಓನರ್, ಸಿಮ್ ಅಂಗಡಿ, ಲಾಡ್ಜು, ಬಾಡಿಗೆ ಮನೆ ಬ್ರೋಕರ್, ಎಲ್ಲರೂ ಕೇಳುವ ಆಧಾರ್ ಜೆರಾಕ್ಸ್ ಬಗ್ಗೆ ಯಾಕೆ ಯಾರೂ ಬಾಯಿ ಬಿಡಲ್ಲ?

ನಾನು ಬೆಳೆದ ಹಳ್ಳಿಯಲ್ಲಿ ಓದು ಬರದ ಅಜ್ಜಿಯರಿಗೂ ಒಂದು ಸಂಗತಿ ಗೊತ್ತಿತ್ತು: ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು. ಒತ್ತಿದರೆ ಸಾಹುಕಾರ ಅದರ ಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು. ಬಿಇ ಓದಿದ ನಾವು ಸಹಿ ಹಾಕಿದ ಆಧಾರ್, ಪ್ಯಾನ್ ಪ್ರತಿಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ "ಬಂತಾ ಸರ್?" ಅಂತ ಬೇರೆ ಕೇಳ್ತೀವಿ.

ಆ ಪ್ರತಿ ಕಳ್ಳನ ಕೈಗೆ ಸಿಕ್ಕರೆ ನಿಮ್ಮ ಹೆಸರಲ್ಲಿ ಸಾಲ ಎತ್ತಲು ನೋಡುತ್ತಾನೆ. ನಿಮ್ಮದೇ ನಂಬರಿನ ಡುಪ್ಲಿಕೇಟ್ ಸಿಮ್ ತೆಗೆದನೋ, ಓಟಿಪಿ ಸೀದಾ ಅವನ ಫೋನಿಗೇ ಹೋಗುತ್ತದೆ. ನೀವು ಹೇಳಲೇಬೇಕಿಲ್ಲ!

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಇದನ್ನೇ ಎಚ್ಚರಿಸಿತ್ತು: ಆಧಾರ್ ಪ್ರತಿ ದುರ್ಬಳಕೆಯಾಗಬಹುದು, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು. ಎರಡೇ ದಿನಕ್ಕೆ ಸರ್ಕಾರ ಆ ಪ್ರಕಟಣೆ ಹಿಂಪಡೆಯಿತು. ಜನ ತಪ್ಪು ತಿಳಿಯಬಹುದಂತೆ. ಮಾಮೂಲಿ ವಿವೇಕ ಬಳಸಿದರೆ ಸಾಕಂತೆ. ಕೇಳುವವರಿಗೆ ಅಂಕೆಯಿಲ್ಲ, ವಿವೇಕ ಮಾತ್ರ ಕೊಡುವವನಿಗೆ ಬೇಕು!

ಇನ್ನು ದುಡ್ಡು ಹೋದ ಮೇಲೆ ಕಸ್ಟಮರ್ ಕೇರ್‌ನವರ ಮೊದಲ ಮಾತು: "ನೀವೇ ಓಟಿಪಿ ಕೊಟ್ಟಿರ್ತೀರಿ." ನಂಬಿ ಸುಮ್ಮನಾಗಬೇಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ: ತಪ್ಪು ಗ್ರಾಹಕನದು ಎಂದು ಸಾಬೀತು ಮಾಡಬೇಕಾದ್ದು ಬ್ಯಾಂಕು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲದಿದ್ದಾಗ, ಮೆಸೇಜು ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ನಷ್ಟ ಸೊನ್ನೆ. ನಿಮ್ಮದೇ ತಪ್ಪಿದ್ದರೂ, ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನದು. ಈ ವಿಷಯ ಹೇಳುವ ಮೆಸೇಜು ನಿಮಗೆ ಎಷ್ಟು ಸಲ ಬಂದಿದೆ?

ಹಾಗಾಗಿ ನಮ್ಮ ಬೇಲಿ ನಾವೇ ಕಟ್ಟಬೇಕು. ಮಾಸ್ಕ್ಡ್ ಆಧಾರ್ ಕೊಡಿ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಅಂತ ಅಡ್ಡಲಾಗಿ ಬರೆಯಿರಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ಕಾರ್ಡಿನ ವಿದೇಶಿ ವಹಿವಾಟು ಆಫ್ ಇಡಿ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಕ್ರೆಡಿಟ್ ರಿಪೋರ್ಟಿನಲ್ಲಿ ನೀವು ತೆಗೆಯದ ಸಾಲ ಇದೆಯಾ ನೋಡಿ. ಇದ್ದಕ್ಕಿದ್ದಂತೆ ಸಿಮ್ ಸತ್ತರೆ ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಕೂರಬೇಡಿ. ದುಡ್ಡು ಹೋದ ಕೂಡಲೇ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿ, ದೂರಿನ ನಂಬರ್ ಪಡೆಯಿರಿ.

ಮುಂದಿನ ಸಲ ಯಾರಾದರೂ ಜೆರಾಕ್ಸ್ ಕೇಳಿದಾಗ, "ಯಾಕೆ ಬೇಕು? ಎಲ್ಲಿ ಇಡ್ತೀರಿ? ಯಾವಾಗ ಹರಿದು ಹಾಕ್ತೀರಿ?" ಅಂತ ಕೇಳಿ. ಕ್ಯೂನಲ್ಲಿ ಹಿಂದಿರುವವರು ಗೊಣಗಿದರೆ ಗೊಣಗಲಿ ಬಿಡಿ. ಅವರ ಜೆರಾಕ್ಸೂ ಅದೇ ಡ್ರಾಯರಿಗೆ ಹೋಗೋದು.