ಮರಿ ಸತ್ತರೂ ಸಾಲ ಸಾಯುವುದಿಲ್ಲ



ಕಳೆದ ಧನುರ್ಮಾಸದಲ್ಲಿ ನಮ್ಮ ಮನೆಯವರು ಸಂಘದಲ್ಲಿ ಸಾಲ ಎತ್ತಿ 50 ಗಿರಿರಾಜ ಮರಿ ತಂದರು. ಹಿತ್ತಲ ಚಪ್ಪರದಡಿ ಬಿಟ್ಟು, ಮೇಲೊಂದು ಬಲ್ಬು ಇಳಿಬಿಟ್ಟು ಮಲಗಿದೆವು. ಮೂರು ರಾತ್ರಿಗೆ 19 ಮರಿ ಹೋದವು. ಮಾರಿದವನನ್ನು ಕೇಳಿದರೆ, ‘ನಿಮ್ಮ ಹಣೆಬರಹ’ ಅಂದ. ಹಣೆಬರಹ ಅಲ್ಲ ಸ್ವಾಮಿ, ನಾವು ಕಟ್ಟಿದ್ದು ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತೆ, ಕಾವು ಕೊಡೋದಿಲ್ಲ. ಮಾರುವಾಗಲೇ ಈ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಪುಕ್ಕ ಬರುವ ತನಕ, ಅಂದರೆ ಮೂರು ನಾಲ್ಕು ವಾರ, ಮರಿಗೆ ತನ್ನ ಮೈಬಿಸಿ ತಾನೇ ಕಾಯ್ದುಕೊಳ್ಳುವ ಶಕ್ತಿ ಇಲ್ಲ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಬಹುದು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಚೀರಿದರೆ ಚಳಿ. ದೂರ ಸರಿದು ಬಾಯಿ ತೆರೆದರೆ ಸೆಕೆ. ಹರಡಿಕೊಂಡು ಮೇಯುತ್ತಿದ್ದರೆ ಸರಿ.

ಮರಿಗೆ 2 ವಾಟ್ ಲೆಕ್ಕದಲ್ಲಿ 50 ಮರಿಗೆ 60 ವಾಟಿನ ಹಳೇ ತಂತಿ ಬಲ್ಬು ಎರಡು ಸಾಕು. ಒಂದು ಸುಟ್ಟರೂ ಇನ್ನೊಂದಿರುತ್ತದೆ. ಸುತ್ತ ಒಂದೂವರೆ ಅಡಿ ಎತ್ತರದ ತಗಡು ಇಲ್ಲವೇ ಬಿದಿರು ತಟ್ಟಿಯನ್ನು ದುಂಡಗೆ ಕಟ್ಟಿ. ಮೂಲೆ ಇದ್ದರೆ ಅಲ್ಲೇ ಒತ್ತಿಕೊಂಡು ಸಾಯುತ್ತವೆ. ಕೆಳಗೆ ಎರಡು ಮೂರು ಅಂಗುಲ ಒಣ ಭತ್ತದ ಹೊಟ್ಟು ಹಾಕಿ. ಗಾಳಿ ಬೀಸುವ ಕಡೆ ಗೋಣಿತಾಟು ಕಟ್ಟಿ, ಮೇಲುಗಡೆ ಮಾತ್ರ ಗಾಳಿಯಾಡಲು ಬಿಡಿ. ಕರೆಂಟು ಹೋಯ್ತೂಂತ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ ಇಡಬೇಡಿ. ಅದರ ವಿಷಗಾಳಿ ಮರಿಯನ್ನೂ ಕೊಲ್ಲುತ್ತೆ, ಮನುಷ್ಯನನ್ನೂ ಕೊಲ್ಲುತ್ತೆ. ಕಾವು ಕೂತ ನಾಟಿ ಹೇಂಟೆ ಇದ್ದರೆ ಹತ್ತು ಹನ್ನೆರಡು ಮರಿಗೆ ಯಾವ ಬಲ್ಬೂ ಬೇಡ.

ಈಗ ಲೆಕ್ಕ ನೋಡೋಣ. ಎರಡು ಬಲ್ಬು ರಾತ್ರಿ 12 ಗಂಟೆ ಉರಿದರೆ ಸುಮಾರು ಒಂದೂವರೆ ಯೂನಿಟ್. ಮೂರು ವಾರಕ್ಕೆ 30 ಯೂನಿಟ್. ಜೊತೆಗೆ ಹೊಟ್ಟು, ನಿದ್ದೆಗೆಟ್ಟ ಹೆಂಗಸಿನ ಕೂಲಿ, ಸತ್ತ ಮರಿಯ ದುಡ್ಡು. ಇವೆಲ್ಲ ಯಾರ ಲೆಕ್ಕದಲ್ಲಿವೆ? ಸಂತೆಯಲ್ಲಿ ವ್ಯಾಪಾರಿ ಕೋಳಿ ತೂಗುತ್ತಾನೆ, ನಾವು ಕಾದ ಚಳಿಯನ್ನು ತೂಗೋದಿಲ್ಲ. ಕಂಪನಿ ಮರಿ ಸಾಕುವವರ ಪಾಡೂ ಇದೇ: ಮರಿ, ಫೀಡು ಅವರದು; ಶೆಡ್ಡು, ಕರೆಂಟು, ದುಡಿಮೆ ನಮ್ಮದು.

ಆದ್ದರಿಂದ ಮರಿ ತರುವ ಮುಂಚೆ ಕಾವಿನ ವ್ಯವಸ್ಥೆ ಮಾಡಿ. ಖರ್ಚನ್ನು ಪೈಸೆ ಬಿಡದೆ ಬರೆದಿಡಿ. ಬೆಲೆ ಕೇಳುವ ದಿನ ಆ ಪುಸ್ತಕ ನಮ್ಮ ಕೈಯಲ್ಲಿರಲಿ. ಸತ್ತ 19 ಮರಿಯ ಕಂತನ್ನು ನಮ್ಮ ಮನೆಯವರು ಇವತ್ತಿಗೂ ಕಟ್ಟುತ್ತಿದ್ದಾರೆ.