ಚಂದ್ರ ಸೂರ್ಯರ ಸಾಕ್ಷಿ

ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸೂರ್ಯನ ಕಿರಣ ಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ನಮ್ಮ ಟಿ. ದಾಸರಹಳ್ಳಿಯಿಂದಲೂ ಜನ ಹೋಗುತ್ತಾರೆ. ಗುಡಿಯ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನವೆಂಬ ದೊಡ್ಡ ಕಲ್ಲಿನ ಬಿಲ್ಲೆಗಳಿವೆ. ಈ ಭಕ್ತಿಯನ್ನು ನಾವು ಹಳಿಯುವವರಲ್ಲ. ಬೆಳೆ ತೆಗೆಯುವವನು ಬೆಳಕಿಗೆ ಕೈಮುಗಿಯುವುದು ಸಹಜ.

ಆಳುವವರ ಭಕ್ತಿಯೇ ಬೇರೆ. ಈಜಿಪ್ಟಿನ ಫೆರೋ, ಪೆರುವಿನ ಇಂಕಾ ಅರಸ ಇಬ್ಬರೂ ತಾವು ಸೂರ್ಯನ ಮಕ್ಕಳೆಂದರು. ಸೂರ್ಯದೇವತೆಯ ವಂಶದವನೆನಿಸಿಕೊಂಡ ಜಪಾನಿನ ಚಕ್ರವರ್ತಿ ತಾನು ದೇವರಲ್ಲವೆಂದು ಒಪ್ಪಿದ್ದು ಯುದ್ಧ ಸೋತ ಮೇಲೆ, 1946ರಲ್ಲಿ. ನಮ್ಮ ಅರಸರೂ ಸೂರ್ಯವಂಶ, ಚಂದ್ರವಂಶವೆಂದು ಮೆರೆದರು. ಭೂಮಿ ದಾನ ಕೊಟ್ಟಾಗ ಶಾಸನದ ತಲೆಯಲ್ಲಿ ಸೂರ್ಯಚಂದ್ರರನ್ನು ಕೆತ್ತಿಸಿ, ಅವರಿರುವ ತನಕ ದಾನ ನಡೆಯಲೆಂದು ‘ಆಚಂದ್ರಾರ್ಕ’ ಎಂದು ಬರೆಸಿದರು. ಕೊಟ್ಟವನ ಹೆಸರು, ಪಡೆದವನ ಹೆಸರು ಕಲ್ಲಿನಲ್ಲಿ ಉಳಿದವು. ಆ ಹೊಲ ಉತ್ತವನ ಹೆಸರು ಎಷ್ಟು ಕಲ್ಲುಗಳಲ್ಲಿದೆ?

ಇಂದು ಪೀಣ್ಯದಲ್ಲಿ ಗುತ್ತಿಗೆಯ ಮೇಲೆ ದುಡಿಯುವವನಿಗೆ ಮುಂದಿನ ತಿಂಗಳ ಭರವಸೆಯೂ ಇಲ್ಲ. ಅವನ ಸಂಬಳ ನಿಂತರೆ ಬೀದಿಯ ಅಂಗಡಿಯವರ ಸಾಲದ ಪುಸ್ತಕ ತುಂಬುತ್ತದೆ. ಚಂದ್ರ ಸೂರ್ಯರಿರುವ ತನಕ ಕೊಡಿರೆಂದು ನಾವು ಕೇಳುತ್ತಿಲ್ಲ. ಮೈಯಲ್ಲಿ ಶಕ್ತಿಯಿರುವ ತನಕ ಕೆಲಸ, ಆಮೇಲೆ ಪಿಂಚಣಿ, ಇಷ್ಟೇ. ಕಲ್ಲಿನ ಮೇಲೆ ಬೇಡ, ಕಾಗದದ ಮೇಲೆ ಸಾಕು. ಅದು ಕೈಮುಗಿದರೆ ಸಿಗುವುದಿಲ್ಲ, ಸಂಘ ಕಟ್ಟಿದರೆ ಸಿಗುತ್ತದೆ.