ಸ್ಟೋನಿವೆಲ್‌ನ ಎರಡು ಚಾವಣಿಗಳು

ಹುಲ್ಲಿನ ಮನೆ ನಮ್ಮ ನಾಡಿನಲ್ಲಿ ಬಹುಕಾಲ ಬಡತನದ ಗುರುತಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಜನ ಹುಲ್ಲು ಕಿತ್ತು ಹೆಂಚು ಹೊದಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಉಳ್ಳವರೂ ಅದನ್ನು ಬಯಸಿ ಹೊದಿಸಿಕೊಂಡರು. ಲೀಸ್ಟರ್‌ಶೈರ್‌ನ ಚಾರ್ನ್‌ವುಡ್ ಪ್ರದೇಶದ ಸ್ಟೋನಿವೆಲ್ ಅಂಥದೊಂದು ಮನೆ. ವಾಸ್ತುಶಿಲ್ಪಿ ಅರ್ನೆಸ್ಟ್ ಗಿಮ್ಸನ್ ತನ್ನ ಅಣ್ಣ ಸಿಡ್ನಿಯ ಕುಟುಂಬದ ಬೇಸಿಗೆಯ ವಾಸಕ್ಕೆಂದು ಅದನ್ನು ರೂಪಿಸಿದ; 1899ರಲ್ಲಿ ಅದು ಪೂರ್ಣಗೊಂಡಿತು.

ಗಿಮ್ಸನ್ ನೆಲವನ್ನು ಸಮ ಮಾಡಲಿಲ್ಲ. ಬಂಡೆ ಏರಿದಲ್ಲಿ ಮನೆಯೂ ಏರಿತು, ತಿರುಗಿದಲ್ಲಿ ತಿರುಗಿತು. ಕೋಣೆಗಳು ಏಳು ಮಟ್ಟಗಳಲ್ಲಿ ಹರಡಿವೆ. ಗೋಡೆಗಳು ಸುತ್ತಲಿನ ಒರಟು ಕಲ್ಲಿನವು; ಒಂದು ತುದಿಯಲ್ಲಿ ನೆಲದಿಂದಲೇ ಎದ್ದುಬಂದಂತಿರುವ ದೈತ್ಯ ಹೊಗೆಗೂಡು. ಇಂಥ ಡೊಂಕು ಮನೆಗೆ ಹುಲ್ಲು ಸಹಜವಾಗಿ ಒಗ್ಗುತ್ತದೆ: ಮೂಲೆಗಳ ಮೇಲೆ ಅದು ಕಂಬಳಿಯಂತೆ ಬಾಗುತ್ತದೆ, ಕತ್ತರಿಸಿ ಜೋಡಿಸಬೇಕಿಲ್ಲ.

1939ರಲ್ಲಿ ಬೆಂಕಿ ಬಿದ್ದು ಹುಲ್ಲು ಹೋಯಿತು. ಅದರ ಜಾಗದಲ್ಲಿ ಅದೇ ಸೀಮೆಯ ಸ್ವಿತ್‌ಲ್ಯಾಂಡ್ ಸ್ಲೇಟ್ ಕಲ್ಲು ಬಂತು. ಇದೀಗ ಮನೆ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. 2015ರಿಂದ ಸಾರ್ವಜನಿಕರಿಗೆ ತೆರೆದಿದೆ. ಶಿಲ್ಪಿ ಬಯಸಿದ್ದು ಹುಲ್ಲನ್ನಲ್ಲವೇ, ಅದನ್ನೇ ಮರಳಿ ಹೊದಿಸಬಾರದೇಕೆ ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ಹೊದಿಸಬಾರದೆಂದೇ ನಮ್ಮ ಅಭಿಪ್ರಾಯ.

ಹುಲ್ಲು ಈ ಮನೆಯ ಮೇಲಿದ್ದುದು ನಲವತ್ತು ವರ್ಷ. ಸ್ಲೇಟ್ ಕಲ್ಲು ಅದರ ಎರಡರಷ್ಟು ಕಾಲ ಮಳೆ ತಡೆದಿದೆ. ಆ ಕುಟುಂಬದ ಮುಂದಿನ ತಲೆಮಾರುಗಳು ಬಾಳಿದ್ದು ಅದರ ಕೆಳಗೆ. ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದ್ದು, ಕಟ್ಟಡದ ನಂತರದ ಪದರಗಳನ್ನು ಕೆರೆದುಹಾಕಿ ಯಾವುದೋ ಒಂದು ವರ್ಷಕ್ಕೆ ಅದನ್ನು ಹಿಂದಿರುಗಿಸುವ ಚಾಳಿಯನ್ನು ತಡೆಯಲೆಂದೇ. ಗಿಮ್ಸನ್ ಆ ಸಂಘದ ಸದಸ್ಯನಾಗಿದ್ದ. ಅವನ ಹೆಸರಿನಲ್ಲೇ ಆ ಚಾಳಿಯನ್ನು ಮತ್ತೆ ಆರಂಭಿಸುವುದು ಅವನಿಗೆ ಸಲ್ಲಿಸುವ ಗೌರವವಾಗಲಾರದು.

ಲಂಡನ್ನಿನ ಗ್ಲೋಬ್ ರಂಗಮಂದಿರ 1997ರಲ್ಲಿ ಹುಲ್ಲಿನ ಚಾವಣಿಯೊಡನೆ ತೆರೆಯಿತಲ್ಲ ಎಂದು ಕೇಳಬಹುದು. ಆದರೆ ಅದು ಹೊಸದಾಗಿ ಕಟ್ಟಿದ ಪ್ರತಿರೂಪ. ಅಲ್ಲಿ ಹುಲ್ಲಿಗಾಗಿ ಏನನ್ನೂ ಕಿತ್ತುಹಾಕಬೇಕಾಗಿರಲಿಲ್ಲ. ಸ್ಟೋನಿವೆಲ್‌ನಲ್ಲಿ ಕಿತ್ತುಹಾಕಬೇಕಾದುದು ಗಟ್ಟಿಮುಟ್ಟಾದ, ಸ್ಥಳೀಯ ಕಲ್ಲಿನ ಚಾವಣಿಯನ್ನು.

ನಷ್ಟವಾಗಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಬಂಡೆಯ ಏರಿಳಿತವನ್ನೇ ಮೇಲೆಯೂ ಮುಂದುವರಿಸಿದ್ದ ಆ ಮೆತ್ತನೆಯ ರೇಖೆ ಇನ್ನಿಲ್ಲ. ಅದನ್ನು ಕಾಣಬಯಸುವವರಿಗೆ ಹಳೆಯ ಛಾಯಾಚಿತ್ರಗಳಿವೆ. ಮನೆಗೆ ಬಂದವರ ಕೈಗೆ ಅವನ್ನು ಕೊಡಲಿ, ಬೆಂಕಿಯ ಕಥೆಯನ್ನೂ ಹೇಳಲಿ. ಕಲ್ಲಿನ ಚಾವಣಿ ಮಾತ್ರ ಇದ್ದಲ್ಲೇ ಇರಲಿ.